ದುಡಿಮೆಯ ನಡುವಣ ಬಿಡುವು

ತುರುವೇಕೆರೆ ತಾಲ್ಲೂಕಿನ ಸಂಪಿಗೆಯೆಂದರೆ ಸಾಹಿತ್ಯಾಭ್ಯಾಸಿಗಳಿಗೆ ಅದು ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು 1884ರಲ್ಲಿ ಜನಿಸಿದ ಊರು. ಅದೇ ನೆಲದಲ್ಲಿ ಬೆಳೆದ ನನ್ನಂಥ ಸಾಮಾನ್ಯರಿಗೆ ಅದು ಮೊದಲು ತೆಂಗಿನ ಊರು, ಆಮೇಲೆ ಉಳಿದದ್ದೆಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ, ಈ ಮೂರು ತಾಲ್ಲೂಕುಗಳ ತೋಟದ ಮನೆಗಳಲ್ಲಿ ಮದುವೆಯ ಮಾತುಕತೆಯಿಂದ ಹಿಡಿದು ಮಕ್ಕಳ ಓದಿನವರೆಗೆ ಬಹುಪಾಲು ವ್ಯವಹಾರ ಕೊಬ್ಬರಿಯ ಧಾರಣೆಯನ್ನು ನೋಡಿಕೊಂಡೇ ನಡೆಯುತ್ತದೆ. ಕೆಲಸದ ನಡುವೆ ಮನುಷ್ಯನು ತೆಗೆದುಕೊಳ್ಳಬೇಕಾದ ಬಿಡುವನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಹೊರಟಾಗ ನನ್ನ ಕಣ್ಣಮುಂದೆ ಕಚೇರಿಯೂ ಬರಲಿಲ್ಲ, ಕಾರ್ಖಾನೆಯೂ ಬರಲಿಲ್ಲ. ನಮ್ಮ ಮನೆಯ ಹಿತ್ತಿಲಿನಲ್ಲಿ ನೆಲಕ್ಕೆ ನೆಟ್ಟಿದ್ದ ಒಂದು ಹಾರೆ ಬಂದು ನಿಂತಿತು. ಈ ವಿಷಯದ ಮೊದಲ ಪಾಠವನ್ನು ನಾನು ಕಲಿತದ್ದು ಅದರ ಬಳಿಯಲ್ಲಿ. ಕಲಿತ ರೀತಿ ಮಾತ್ರ ಸಂತೋಷಪಡುವಂಥದಲ್ಲ.

ಉಂಡೆ ಕೊಬ್ಬರಿ ಹೇಗಾಗುತ್ತದೆಂಬುದನ್ನು ಬೇರೆ ಸೀಮೆಯವರಿಗಾಗಿ ಸ್ವಲ್ಪ ವಿವರಿಸಬೇಕು. ಬಲಿತ ಕಾಯಿಯನ್ನು ಮರದಿಂದ ಇಳಿಸಿ, ಮಟ್ಟೆಯನ್ನು ತೆಗೆಯದೆ ಅಟ್ಟದ ಮೇಲೆ ಹರಡುತ್ತಾರೆ. ಅಲ್ಲಿ ಅದು ಎಂಟು ಹತ್ತು ತಿಂಗಳು, ಕೆಲವೊಮ್ಮೆ ವರ್ಷದವರೆಗೂ ಇರುತ್ತದೆ. ಒಳಗಿನ ನೀರು ನಿಧಾನವಾಗಿ ಇಂಗಿ, ತಿರುಳು ಒಣಗಿ, ಕರಟದಿಂದ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದರೆ ಒಳಗೆ ಉಂಡೆ ಆಡುವ ಸದ್ದು ಕೇಳುತ್ತದೆ. ಆಗ ಕೆಳಗಿಳಿಸಿ, ಮಟ್ಟೆ ಸುಲಿದು, ಕರಟವನ್ನು ಜೋಪಾನವಾಗಿ ಒಡೆದು, ಉಂಡೆಯನ್ನು ಇಡಿಯಾಗಿ ತೆಗೆದು ತಿಪಟೂರಿನ ಮಾರುಕಟ್ಟೆಗೆ ಒಯ್ಯುತ್ತಾರೆ. ಇಷ್ಟರಲ್ಲಿ ಮೈ ಮುರಿಯುವ ಕೆಲಸವೆಂದರೆ ಸುಲಿಯುವುದು. ಮೊನೆ ಮೇಲಕ್ಕೆ ಬರುವಂತೆ ಹಾರೆಯನ್ನು ನೆಲಕ್ಕೆ ನೆಟ್ಟು, ಕಾಯಿಯನ್ನು ಎರಡೂ ಕೈಗಳಿಂದ ಹಿಡಿದು ಅದರ ಮೇಲೆ ಬಲವಾಗಿ ಕುಟ್ಟಿ, ಮಣಿಕಟ್ಟನ್ನು ತಿರುವಿ ಮಟ್ಟೆಯನ್ನು ಸೀಳಬೇಕು. ಒಂದು ಕಾಯಿಗೆ ಮೂರು ನಾಲ್ಕು ಏಟು. ಸಾವಿರ ಕಾಯಿಗೆ ಮೂರು ನಾಲ್ಕು ಸಾವಿರ ಏಟು. ಪ್ರತಿಯೊಂದು ಏಟಿನಲ್ಲಿಯೂ ಅಂಗೈಗೂ ಮೊನೆಗೂ ನಡುವೆ ಉಳಿಯುವುದು ನಾಲ್ಕು ಬೆರಳಿನ ಅಂತರ.

ನಮ್ಮ ಮನೆಗೆ ಸುಲಿಯಲು ಬರುತ್ತಿದ್ದವರು ಅರುವತ್ತು ವರ್ಷದ ಹತ್ತಿರದ ಒಬ್ಬ ಹಿರಿಯರು. ನಾನು ಅವರನ್ನು ತಾತ ಎಂದೇ ಕರೆಯುತ್ತಿದ್ದೆ. ಎಣಿಸುವಾಗ ಒಂದು ಎನ್ನದೆ ‘ಲಾಭ’ ಎನ್ನುವುದು ನಮ್ಮ ಕಡೆಯ ವಾಡಿಕೆ. ತಾತನೂ ಲಾಭ ಎಂದು ತೊಡಗಿ, ನೂರು ಮುಗಿಯುತ್ತಲೂ ಒಂದು ಕಾಯಿಯನ್ನು ಗುರುತಿಗಾಗಿ ಗೋಡೆಯ ಬದಿಯಲ್ಲಿ ಇಟ್ಟುಬರುತ್ತಿದ್ದರು. ಗೋಡೆ ಹತ್ತು ಹೆಜ್ಜೆಯಷ್ಟು ದೂರ. ಅಲ್ಲಿಯವರೆಗೆ ನಡೆದು, ಕಾಯಿ ಇಟ್ಟು, ಬೆನ್ನು ನೆಟ್ಟಗೆ ಮಾಡಿ, ಚೊಂಬಿನಿಂದ ಒಂದೆರಡು ಗುಟುಕು ನೀರು ಕುಡಿದು, ಮರದ ತಲೆಯ ಕಡೆಗೆ ಒಮ್ಮೆ ನೋಡಿ ಹಿಂದಿರುಗುವರು. ಹಾರೆಗೆ ಸುತ್ತಿಕೊಂಡ ನಾರನ್ನು ಬಿಡಿಸಿ ಮತ್ತೆ ‘ಲಾಭ’ ಎನ್ನುವರು. ಇಷ್ಟಕ್ಕೆ ಎರಡು ಮೂರು ನಿಮಿಷ ಹಿಡಿಯುತ್ತಿತ್ತು. ಅರ್ಧ ಗಂಟೆಗೊಮ್ಮೆ ಇದು ನಡೆಯುತ್ತಿತ್ತೆಂದು ಹೇಳಬಹುದು.

ಆಗ ನನಗೆ ಹದಿನಾಲ್ಕು ವರ್ಷ. ಶಾಲೆಗೆ ರಜ. ಅಂದು ಸಂಜೆಗೆ ಸರಕು ಸಾಗಿಸಲು ಲಾರಿ ಗೊತ್ತಾಗಿತ್ತು. ಧಾರಣೆ ಏರಿದ್ದುದರಿಂದ ಮನೆಯಲ್ಲಿ ಎಲ್ಲರಿಗೂ ಆತುರ. ತಾತ ನೂರಕ್ಕೊಮ್ಮೆ ಗೋಡೆಯವರೆಗೆ ಹೋಗಿಬರುವುದು ನನ್ನ ಕಣ್ಣಿಗೆ ವ್ಯರ್ಥ ಕಾಲಹರಣವಾಗಿ ಕಂಡಿತು. ನಾನು ಸ್ಲೇಟು ಬಳಪ ಹಿಡಿದು ಹೋಗಿ, “ನೀವು ಎದ್ದು ಹೋಗ್ಬೇಡಿ ತಾತ, ಲೆಕ್ಕ ನಾನ್ ಬರ್ಕೋತೀನಿ” ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಯಜಮಾನನ ಮಗನ ಮಾತು; ಏನೂ ಹೇಳದೆ ಒಪ್ಪಿಕೊಂಡರು. ಮೊದಲ ಮುನ್ನೂರು ಕಾಯಿ ಎಂದಿಗಿಂತ ಬೇಗನೆ ಮುಗಿದವು. ನನಗೆ ಬಹಳ ಹೆಮ್ಮೆಯಾಯಿತು. ಐನೂರರ ಆಚೆಗೆ ಏಟುಗಳ ನಡುವಣ ಹೊತ್ತು ಹೆಚ್ಚಾಗುತ್ತ ಬಂದುದನ್ನು ನಾನು ಗಮನಿಸಲಿಲ್ಲ. ಏಳನೆಯ ನೂರರಲ್ಲಿ ಕಾಯಿ ಜಾರಿತು. ಹಾರೆಯ ಮೊನೆ ಅವರ ಎಡಗೈಯ ಹೆಬ್ಬೆರಳ ಬುಡವನ್ನು ಹೊಕ್ಕಿತು.

ತುರುವೇಕೆರೆಯಲ್ಲಿ ಗಾಯಕ್ಕೆ ಹೊಲಿಗೆ ಹಾಕಿಸಿದ್ದಾಯಿತು. ಸುಮಾರು ಎರಡು ತಿಂಗಳು ಅವರು ಹಾರೆ ಮುಟ್ಟಲಿಲ್ಲ. ಕೂಲಿಯವನಿಗೆ ಎರಡು ತಿಂಗಳೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ತಂದೆಯವರು ರಾಗಿ ಕಳಿಸಿದರು, ಸ್ವಲ್ಪ ಹಣವನ್ನೂ ಕೊಟ್ಟರು. ಆದರೂ ಅದು ಪೂರ್ತಿ ಕೂಲಿಯಾಗಿರಲಿಲ್ಲ. ಒಂದು ದಿನ ನಾನು ಅಂಜುತ್ತಲೇ ಅವರ ಮನೆಗೆ ಹೋದಾಗ ಅವರು ನನ್ನನ್ನು ಬೈಯಲಿಲ್ಲ. “ಎಣಿಕೆ ತಪ್ಪಬಾರ್ದು ಅಂತ ಅಲ್ಲ ಕಣ್ ಮರಿ, ಕೈ ತಪ್ಪಬಾರ್ದು ಅಂತ ಕಾಯಿ ಎತ್ತಿಡ್ತಿದ್ದೆ” ಎಂದರು, ಅಷ್ಟೆ.

ಆ ಮಾತು ಎಷ್ಟು ನಿಜವೆಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ಅನಂತರ, ದಣಿವನ್ನು ಕುರಿತು ವಿಜ್ಞಾನಿಗಳು ಬರೆದುದನ್ನು ಓದುವಾಗ. ಇಟಲಿಯ ಟ್ಯೂರಿನ್ ನಗರದಲ್ಲಿ ಆಂಜೆಲೋ ಮೊಸ್ಸೋ ಎಂಬ ಶರೀರವಿಜ್ಞಾನಿಯಿದ್ದನು. ದಣಿವನ್ನೇ ವಿಷಯವಾಗಿಟ್ಟುಕೊಂಡು ಆತ ಬರೆದ ಗ್ರಂಥ 1891ರಲ್ಲಿ ಪ್ರಕಟವಾಯಿತು. ದಣಿವನ್ನು ಅಳೆಯಲು ಆತ ಒಂದು ಸರಳವಾದ ಉಪಕರಣವನ್ನು ರಚಿಸಿದ್ದನು. ಮನುಷ್ಯನ ತೋಳನ್ನು ಹಲಗೆಗೆ ಅಲುಗದಂತೆ ಬಿಗಿದು, ನಡುಬೆರಳಿಗೆ ದಾರ ಕಟ್ಟಿ, ದಾರದ ತುದಿಗೆ ತೂಕ ತೂಗುಬಿಡುವುದು. ಬೆರಳು ಮಡಿಸಿದಾಗಲೆಲ್ಲ ತೂಕ ಮೇಲೇರುತ್ತದೆ. ಎಷ್ಟು ಏರಿತೆಂಬುದನ್ನು ಒಂದು ಲೇಖನಿ ತಿರುಗುವ ಉರುಳೆಯ ಮೇಲೆ ಗೆರೆಯಾಗಿ ಗುರುತಿಸುತ್ತದೆ. ಮೊದಮೊದಲು ಗೆರೆ ಎತ್ತರವಾಗಿರುತ್ತದೆ, ಬರಬರುತ್ತ ಕುಗ್ಗುತ್ತದೆ, ಕೊನೆಗೆ ಬೆರಳು ಎಷ್ಟು ಹೆಣಗಿದರೂ ತೂಕ ಅಲುಗುವುದಿಲ್ಲ.

ಮೊಸ್ಸೋನ ಪ್ರಯೋಗಶಾಲೆಯಲ್ಲಿಯೇ ಕೆಲಸಮಾಡುತ್ತಿದ್ದ ಮಜ್ಜಿಯೋರಾ ಎಂಬವನು ಈ ಉಪಕರಣದಿಂದ ಒಂದು ಆಶ್ಚರ್ಯದ ಸಂಗತಿಯನ್ನು ಕಂಡುಕೊಂಡನು. ಬೆರಳು ಪೂರ್ತಿ ಸೋಲುವವರೆಗೆ, ಎಂದರೆ ಮೂವತ್ತು ಸಲ, ತೂಕ ಎತ್ತಿದರೆ ಅದು ಮೊದಲಿನ ಬಲಕ್ಕೆ ಮರಳಲು ಎರಡು ಗಂಟೆ ಬೇಕು. ಹದಿನೈದು ಸಲ ಮಾತ್ರ ಎತ್ತಿ ನಿಲ್ಲಿಸಿದರೆ ಎಷ್ಟು ಬೇಕು? ಕೆಲಸ ಅರ್ಧವಾದುದರಿಂದ ಬಿಡುವೂ ಅರ್ಧ, ಒಂದು ಗಂಟೆ ಬೇಕೆಂದು ನಾವು ಲೆಕ್ಕ ಹಾಕುತ್ತೇವೆ. ಆದರೆ ಅರ್ಧ ಗಂಟೆಯೇ ಸಾಕಾಯಿತು. ಎಂದಮೇಲೆ ಮೊದಲ ಹದಿನೈದು ಎತ್ತುಗೆಗೆ ತಗಲಿದ ಬೆಲೆ ಅರ್ಧ ಗಂಟೆಯ ಬಿಡುವಾದರೆ, ಸೋತ ಬೆರಳಿನಿಂದ ಎತ್ತಿದ ಕೊನೆಯ ಹದಿನೈದಕ್ಕೆ ತಗಲಿದ ಬೆಲೆ ಒಂದೂವರೆ ಗಂಟೆ. ಕೆಲಸ ಅಷ್ಟೇ, ಸಾಲ ಮಾತ್ರ ಮೂರರಷ್ಟು.

ಬಿಡುವಿನ ವಿಷಯದಲ್ಲಿ ನಾವು ತಿಳಿಯಬೇಕಾದ ಮುಖ್ಯ ಸಂಗತಿ ಇದೊಂದೇ ಎಂದು ನನಗೆ ತೋರುತ್ತದೆ. ಬಿಡುವು ದಣಿವಿನ ನಂತರ ಬರಬೇಕಾದ ಮದ್ದಲ್ಲ. ದಣಿವಿಗೆ ಮೊದಲು ಬರಬೇಕಾದ ಕೆಲಸದ ಒಂದು ಅಂಗ. “ಇನ್ನು ಕೈಲಾಗದು” ಎನ್ನಿಸಿದ ಮೇಲೆ ಕುಳಿತವನು ಆಗಲೇ ಹೆಚ್ಚಿನ ಬಡ್ಡಿಗೆ ಸಾಲ ಮಾಡಿರುತ್ತಾನೆ. ತಾತ ದಣಿದು ಗೋಡೆಯ ಕಡೆಗೆ ಹೋಗುತ್ತಿರಲಿಲ್ಲ, ದಣಿಯದಿರಲೆಂದು ಹೋಗುತ್ತಿದ್ದರು.

ನಮ್ಮ ಎದೆಯಲ್ಲಿರುವ ಹೃದಯವನ್ನೇ ನೋಡಿ. ಹುಟ್ಟಿಗೆ ಮುಂಚಿನಿಂದ ಸಾಯುವ ಗಳಿಗೆಯವರೆಗೆ ಅದು ನಿಲ್ಲದೆ ದುಡಿಯುತ್ತದೆಂದು ಹೊಗಳುತ್ತೇವೆ. ನಿಜವಾಗಿ ಅದು ಪ್ರತಿ ಬಡಿತದ ನಂತರವೂ ವಿರಮಿಸುತ್ತದೆ. ನಿಮಿಷಕ್ಕೆ ಎಪ್ಪತ್ತರಷ್ಟು ಬಡಿಯುವ ಹೃದಯದಲ್ಲಿ ಕೆಳಕೋಣೆಗಳು ಕುಗ್ಗಿ ರಕ್ತವನ್ನು ತಳ್ಳುವ ಕಾಲಕ್ಕಿಂತ ಸಡಿಲವಾಗಿರುವ ಕಾಲವೇ ಹೆಚ್ಚು. ಇನ್ನೂ ಸ್ವಾರಸ್ಯವೆಂದರೆ, ಮೈಗೆಲ್ಲ ರಕ್ತವನ್ನು ಹಂಚುವ ಎಡಭಾಗದ ಸ್ನಾಯುವಿಗೆ ಅದರ ಪಾಲಿನ ರಕ್ತ ಬಹುಮಟ್ಟಿಗೆ ದೊರೆಯುವುದು ಅದು ಸಡಿಲವಾಗಿರುವಾಗಲೇ. ಬಿಗಿದಿರುವಾಗ ತನ್ನ ನಾಳಗಳನ್ನು ತಾನೇ ಹಿಸುಕಿಕೊಂಡಿರುತ್ತದೆ. ಕೈಕಾಲಿನ ಸ್ನಾಯುಗಳ ಪಾಡೂ ಇದೇ. ಭಾರವನ್ನು ಬಿಗಿಯಾಗಿ ಹಿಡಿದಿರುವಷ್ಟು ಹೊತ್ತು ಅವಕ್ಕೆ ರಕ್ತ ಸಾಲದು. ಹಿಡಿತ ಸಡಿಲಿಸಿದೊಡನೆ ರಕ್ತ ನುಗ್ಗಿ ಬಂದು ಪೋಷಣೆಯನ್ನು ಒದಗಿಸುತ್ತದೆ.

ಇದನ್ನು ಯಾವ ಪ್ರಯೋಗಶಾಲೆಯೂ ಇಲ್ಲದೆ ನಮ್ಮ ಹಿಂದಿನವರು ಅರಿತಿದ್ದರು. ನಮ್ಮ ನಾಡಿನ ಹಳೆಯ ಕಾಲುದಾರಿಗಳ ಪಕ್ಕದಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಹೊರೆಗಲ್ಲು ಉಳಿದಿರುವುದನ್ನು ನೀವು ಕಂಡಿರಬಹುದು. ಆಳೆತ್ತರಕ್ಕೆ ಎರಡು ಕಲ್ಲುಗಳನ್ನು ನೆಟ್ಟು, ಮೇಲೆ ಒಂದು ಅಡ್ಡಕಲ್ಲನ್ನು ಹೊದಿಸಿರುತ್ತಾರೆ. ತಲೆಯ ಮೇಲೆ ಮೂಟೆ ಹೊತ್ತು ಸಂತೆಗೆ ನಡೆಯುವವನು ಹೊರೆಯನ್ನು ಅದರ ಮೇಲೆ ಜಾರಿಸಿ, ಪಕ್ಕದ ಅರಳಿಕಟ್ಟೆಯಲ್ಲಿ ಕುಳಿತು, ಅರವಟ್ಟಿಗೆಯಿದ್ದರೆ ನೀರುಮಜ್ಜಿಗೆ ಕುಡಿದು, ಮತ್ತೆ ಬಂದು ತಲೆ ಕೊಟ್ಟು ಹೊರೆಯನ್ನು ಎತ್ತಿಕೊಳ್ಳುವನು. ಕಲ್ಲಿನ ಎತ್ತರದಲ್ಲಿಯೇ ಜಾಣತನವಿದೆ. ಹೊರೆಯನ್ನು ನೆಲಕ್ಕೆ ಇಳಿಸಿದರೆ ಮತ್ತೆ ಎತ್ತಿ ತಲೆಗಿಡಲು ಇನ್ನೊಬ್ಬರು ಬೇಕು. ಒಂಟಿಯಾಗಿ ನಡೆಯುವವನು ಆ ಭಯಕ್ಕೇ ಹೊರೆಯನ್ನು ಇಳಿಸದೆ ಸಾಗಿ ಸೋಲುತ್ತಾನೆ. ಬಿಡುವಿನಿಂದ ಕೆಲಸಕ್ಕೆ ಮರಳುವುದು ಸುಲಭವಾಗಿದ್ದರೆ ಮಾತ್ರ ಮನುಷ್ಯ ನಿಶ್ಚಿಂತೆಯಿಂದ ಬಿಡುವು ತೆಗೆದುಕೊಳ್ಳುತ್ತಾನೆ. ಇಂಥ ಕಲ್ಲು ನೆಡಿಸುವುದನ್ನು ಕೆರೆ ಕಟ್ಟಿಸುವುದರಂತೆ, ಸಾಲುಮರ ಹಾಕಿಸುವುದರಂತೆ ಪುಣ್ಯಕಾರ್ಯವೆಂದು ಎಣಿಸುತ್ತಿದ್ದರು.

ಹೊರೆ ಹೊರುವವನ ಬಿಡುವನ್ನು ಗಡಿಯಾರ ಹಿಡಿದು ಲೆಕ್ಕ ಹಾಕಿದವನು ಅಮೆರಿಕದ ಫ್ರೆಡೆರಿಕ್ ಟೇಲರ್. 1899ರಲ್ಲಿ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆಯ ಅಂಗಳದಲ್ಲಿ ಕೂಲಿಗಳು 92 ಪೌಂಡು, ಎಂದರೆ ಸುಮಾರು 42 ಕಿಲೋ ತೂಗುವ ಕಬ್ಬಿಣದ ತುಂಡುಗಳನ್ನು ಹೊತ್ತು ರೈಲುಗಾಡಿಗೆ ತುಂಬುತ್ತಿದ್ದರು. ಒಬ್ಬೊಬ್ಬನು ದಿನಕ್ಕೆ ಹನ್ನೆರಡೂವರೆ ಟನ್ನು ತುಂಬುತ್ತಿದ್ದುದು, ಯಾವಾಗ ಎತ್ತಬೇಕು ಯಾವಾಗ ಕೂರಬೇಕು ಎಂಬುದನ್ನು ಗೊತ್ತುಮಾಡಿದ ಮೇಲೆ ನಲವತ್ತೇಳೂವರೆ ಟನ್ನಿಗೆ ಏರಿತೆಂದು ಟೇಲರ್ 1911ರ ತನ್ನ ಪುಸ್ತಕದಲ್ಲಿ ಬರೆದನು. ಅಷ್ಟು ಭಾರದ ಕೆಲಸದಲ್ಲಿ ಮನುಷ್ಯನ ಮೈಮೇಲೆ ಹೊರೆ ಇರಬೇಕಾದದ್ದು ದಿನದ ನೂರರಲ್ಲಿ 43 ಪಾಲು ಮಾತ್ರ, ಉಳಿದ 57 ಪಾಲು ಬರಿಗೈಯಲ್ಲಿರಬೇಕು ಎಂಬುದು ಅವನ ಲೆಕ್ಕ. ಆ ಕಥೆಯಲ್ಲಿ ಉತ್ಪ್ರೇಕ್ಷೆಯಿದೆಯೆಂದು ಮುಂದಿನ ಇತಿಹಾಸಕಾರರು ತೋರಿಸಿದ್ದಾರೆ. ಅವನ ಮಾತನ್ನೇ ಒಪ್ಪಿದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಕೆಲಸ ನಾಲ್ಕರಷ್ಟಾಗುವ ಹೊತ್ತಿಗೆ ಕೂಲಿ ಏರಿದ್ದು ನೂರಕ್ಕೆ 60ರಷ್ಟು ಮಾತ್ರ. ಬಿಡುವನ್ನು ಯಜಮಾನನ ಲಾಭದ ಉಪಾಯವೆಂದು ಮಾತ್ರ ನೋಡಿದರೆ ಅದೂ ದುಡಿಸಿಕೊಳ್ಳುವ ಮತ್ತೊಂದು ಬಗೆಯಾಗುತ್ತದೆ.

ಆದುದರಿಂದ ಬಿಡುವು ಒಬ್ಬರ ದಯೆಯಿಂದ ದೊರೆಯುವ ವಸ್ತುವಾಗಿರಬಾರದು, ಕಟ್ಟುಪಾಡಾಗಿರಬೇಕು. ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಸೋಮವಾರ ಎತ್ತಿಗೆ ನೊಗ ಇಡುತ್ತಿರಲಿಲ್ಲ. ಅದು ಬಸವನ ದಿನ. ಬಿತ್ತನೆಯ ಹದ ಎಷ್ಟೇ ಕೂಡಿಬಂದಿದ್ದರೂ, ಸಾಹುಕಾರ ಎಷ್ಟೇ ಅವಸರಪಟ್ಟರೂ ಎತ್ತು ಆ ದಿನ ಕೊಟ್ಟಿಗೆಯಲ್ಲಿಯೇ. ಮೂಕಪ್ರಾಣಿ ಬಾಯಿಬಿಟ್ಟು ಕೇಳಲಾರದೆಂದು ಹಿರಿಯರು ಅದರ ಪರವಾಗಿ ದೇವರ ಹೆಸರಿನಲ್ಲಿ ಕಾನೂನು ಮಾಡಿದ್ದರು.

ಬಾಯಿದ್ದ ಮನುಷ್ಯರಿಗೆ ಆ ಭಾಗ್ಯ ಸುಲಭವಾಗಿ ಬರಲಿಲ್ಲ. ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ವಾರದ ರಜೆಯೆಂಬುದು ಇರಲಿಲ್ಲ. 1884ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರು ಗಿರಣಿ ಕಾರ್ಮಿಕರನ್ನು ಸೇರಿಸಿ ಸಲ್ಲಿಸಿದ ಬೇಡಿಕೆಗಳಲ್ಲಿ ಮೊದಲಿಗೆ ಬರುವುದು ಎರಡು: ಭಾನುವಾರ ರಜೆ, ಮತ್ತು ಮಧ್ಯಾಹ್ನ ಅರ್ಧ ಗಂಟೆ ಬಿಡುವು. ಆರು ವರ್ಷ ಹೋರಾಡಿದ ಮೇಲೆ 1890ರಲ್ಲಿ ಭಾನುವಾರದ ರಜೆ ದೊರೆಯಿತು. ಮಧ್ಯಾಹ್ನದ ಅರ್ಧ ಗಂಟೆ 1891ರ ಕಾರ್ಖಾನೆ ಕಾಯ್ದೆಯಲ್ಲಿ ಸೇರಿತು. ಆ ಅರ್ಧ ಗಂಟೆಯ ಕಥೆ ಅಲ್ಲಿಗೂ ಮುಗಿಯಲಿಲ್ಲ. 1918ರಲ್ಲಿ ಮದರಾಸಿನಲ್ಲಿ ಬಿ. ಪಿ. ವಾಡಿಯಾ ಅವರ ನೇತೃತ್ವದಲ್ಲಿ ಕಾರ್ಮಿಕ ಸಂಘ ಸ್ಥಾಪಿತವಾದಾಗ, ಅಲ್ಲಿಯ ಗಿರಣಿಯ ಕೆಲಸಗಾರರ ಮೊದಮೊದಲ ದೂರುಗಳಲ್ಲಿ ಒಂದು ಊಟದ ವಿರಾಮ ಸಾಲದೆಂಬುದು. ಅರ್ಧ ಗಂಟೆಯಲ್ಲಿ ಕೈ ತೊಳೆದು ಉಂಡು ಯಂತ್ರದ ಬಳಿಗೆ ಓಡಿಬರಲಾಗುವುದಿಲ್ಲ, ಇನ್ನು ಹತ್ತು ನಿಮಿಷ ಕೊಡಿ ಎಂದು ಅವರು ಬೇಡಿದರು. ನಮ್ಮ ದೇಶದ ಕಾರ್ಮಿಕ ಚಳವಳಿಯ ಮೊದಲ ಹೆಜ್ಜೆಗಳಲ್ಲೊಂದು ಹತ್ತು ನಿಮಿಷದ ಬಿಡುವಿಗಾಗಿ ಇಟ್ಟದ್ದೆಂಬುದನ್ನು ನಾವು ಮರೆಯಬಾರದು.

ಸ್ವಾತಂತ್ರ್ಯ ಬಂದ ಮೇಲೆ 1948ರ ಕಾರ್ಖಾನೆ ಕಾಯ್ದೆ ದಿನಕ್ಕೆ ಒಂಬತ್ತು ಗಂಟೆ, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಕನಿಷ್ಠ ಅರ್ಧ ಗಂಟೆಯ ವಿರಾಮ ಕೊಡದೆ ಯಾರನ್ನೂ ಐದು ಗಂಟೆಗಿಂತ ಹೆಚ್ಚು ಕಾಲ ಸತತವಾಗಿ ದುಡಿಸಬಾರದೆಂದು ವಿಧಿಸಿತು. 2023ರಲ್ಲಿ ನಮ್ಮ ರಾಜ್ಯದ ತಿದ್ದುಪಡಿಯೊಂದು ಆ ಐದು ಗಂಟೆಯನ್ನು ಆರಕ್ಕೆ ವಿಸ್ತರಿಸಲು ಅವಕಾಶ ಮಾಡಿತು. ಸಂಸತ್ತು 2020ರಲ್ಲಿ ಅಂಗೀಕರಿಸಿದ ಹೊಸ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೆ ಬಂದು ಹಳೆಯ ಕಾಯ್ದೆಯ ಸ್ಥಾನವನ್ನು ಪಡೆಯಿತು. ಗಂಟೆಗಳನ್ನು ಕುರಿತ ಈ ಚರ್ಚೆ ಮುಂದುವರಿಯುವಾಗ, ಸೋತ ಬೆರಳಿನ ಕೊನೆಯ ಎತ್ತುಗೆಗಳಿಗೆ ಬೆಲೆ ಮೂರರಷ್ಟು ಎಂಬ ಹಳೆಯ ಲೆಕ್ಕವನ್ನು ಯಾರಾದರೂ ನೆನಪು ಮಾಡಿಕೊಟ್ಟರೆ ಒಳ್ಳೆಯದು.

ಕಾಯ್ದೆಯ ಕೈಗೆ ಎಟುಕದವರು ಇನ್ನೂ ಬಹಳ ಮಂದಿ. ಕಾಯಿಗೆ ಇಷ್ಟೆಂದು ಕೂಲಿ ಪಡೆಯುವವನಿಗೆ ಬಿಡುವೆಂದರೆ ಕಳೆದುಹೋದ ಕೂಲಿ. ಪಟ್ಟಣದಲ್ಲಿ ಮನೆಮನೆಗೆ ಊಟ ಸಾಮಾನು ತಲುಪಿಸುವ ಹುಡುಗರ ಪಾಡೂ ಅದೇ. ಅವರು ರಸ್ತೆಯಲ್ಲಿ ಕಣ್ಣು ಮಂಜಾಗುವವರೆಗೆ ಗಾಡಿ ಓಡಿಸುತ್ತಾರೆ. ಇವರೆಲ್ಲರಿಗಿಂತ ಹಳೆಯ ಸಾಲಿನಲ್ಲಿ ನಮ್ಮ ಮನೆಗಳ ಹೆಣ್ಣುಮಕ್ಕಳಿದ್ದಾರೆ. ಹೊಲದಲ್ಲಿ ಕೆಲಸಮಾಡುವವರಿಗೆ ಬಿಡುವಿನ ಹೊತ್ತಿಗೆ ಮಜ್ಜಿಗೆ ಹೊತ್ತು ತರುವವಳ ಬಿಡುವು ಯಾವಾಗ ಎಂದು ನಮ್ಮ ಮನೆಯಲ್ಲಿ ನಾನು ಕೇಳಿದ್ದಿಲ್ಲ. ಗಂಡಸರು ಕೂರುವ ಹೊತ್ತೇ ಅವಳು ಓಡಾಡುವ ಹೊತ್ತು. ಬಿಡುವನ್ನು ಕುರಿತು ಮಾತನಾಡುವ ಮನೆಯ ಯಜಮಾನನು ಮೊದಲು ತನ್ನ ಅಡುಗೆಮನೆಯ ಕಡೆ ನೋಡುವುದು ನ್ಯಾಯ.

ಇದುವರೆಗೆ ಮೈ ಕೆಲಸದ ಮಾತಾಯಿತು. ಕುಳಿತು ಮಾಡುವ ಕೆಲಸದಲ್ಲಿ ದಣಿವು ಬೇರೆ ವೇಷದಲ್ಲಿ ಬರುತ್ತದೆ. ತೋಳು ಸೋತರೆ ಮೂಟೆ ಎತ್ತಲಾಗುವುದಿಲ್ಲ, ಮನುಷ್ಯನಿಗೆ ತಾನು ಸೋತದ್ದು ತಿಳಿಯುತ್ತದೆ. ಗಮನ ಸೋತರೆ ಅದು ತಿಳಿಯುವುದೇ ಇಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನಲ್ಲಿ ರೇಡಾರ್ ಪರದೆಯ ಮುಂದೆ ಕುಳಿತು ಶತ್ರುವಿನ ಸುಳಿವನ್ನು ಕಾಯುವವರು, ಸುಳಿವು ಕಣ್ಣೆದುರಿಗಿದ್ದರೂ ಕಾಣದೆ ಹೋಗುತ್ತಿದ್ದರು. ಇದೇಕೆಂದು ಪರೀಕ್ಷಿಸಲು ನಾರ್ಮನ್ ಮ್ಯಾಕ್‌ವರ್ತ್ ಎಂಬ ಮನೋವಿಜ್ಞಾನಿ, ಒಂದೇ ಸಮನೆ ಚಲಿಸುವ ಮುಳ್ಳೊಂದು ಅಪರೂಪಕ್ಕೆ ಎರಡರಷ್ಟು ನೆಗೆಯುವಂತೆ ಗಡಿಯಾರವನ್ನು ಮಾಡಿ, ಆ ನೆಗೆತವನ್ನು ಗುರುತಿಸಲು ಜನರನ್ನು ಎರಡು ಗಂಟೆ ಕೂರಿಸಿದನು. ಮೊದಲ ಅರ್ಧ ಗಂಟೆ ಕಳೆಯುತ್ತಲೇ ಅವರು ತಪ್ಪತೊಡಗಿದರು. ಅರ್ಧ ಗಂಟೆ ಕಾವಲು, ಅರ್ಧ ಗಂಟೆ ಬಿಡುವು ಎಂದು ಸರದಿ ಮಾಡಿದಾಗ ಆ ಕುಸಿತ ಕಾಣಲಿಲ್ಲ. ಇದು 1948ರಲ್ಲಿ ಪ್ರಕಟವಾದ ಸಂಗತಿ. ಇದನ್ನು ಓದಿದಾಗ ನನಗೆ ನಮ್ಮ ಹಿತ್ತಿಲಿನ ಗೋಡೆಯ ಬದಿಯಲ್ಲಿ ಸಾಲಾಗಿ ಇಟ್ಟಿರುತ್ತಿದ್ದ ಗುರುತಿನ ಕಾಯಿಗಳು ನೆನಪಾದವು.

ಹಾಗೆಂದು ಬಿಡುವು ಹೆಚ್ಚಿದಷ್ಟೂ ಒಳ್ಳೆಯದೆನ್ನಲಾಗದು. 1927ರಲ್ಲಿ ಅಮೆರಿಕದ ಹಾಥಾರ್ನ್ ಕಾರ್ಖಾನೆಯಲ್ಲಿ ದೂರವಾಣಿಯ ಬಿಡಿಭಾಗಗಳನ್ನು ಜೋಡಿಸುವ ಹೆಂಗಸರಿಗೆ ಮೊದಲು ಐದೈದು ನಿಮಿಷದ ಎರಡು ಬಿಡುವು, ಆಮೇಲೆ ಹತ್ತು ಹತ್ತು ನಿಮಿಷದ ಎರಡು ಬಿಡುವು, ಆಮೇಲೆ ಐದು ನಿಮಿಷದ ಆರು ಬಿಡುವು ಕೊಟ್ಟು ನೋಡಿದರು. ಆರು ಸಲ ನಿಲ್ಲಿಸಿದಾಗ ಕೈಯ ಲಯವೇ ಕೆಡುತ್ತದೆಂದು ಅವರೇ ದೂರಿದರು. ಯಾರೋ ತಮ್ಮನ್ನು ಗಮನಿಸಿ ವಿಚಾರಿಸುತ್ತಿದ್ದಾರೆಂಬ ಭಾವನೆಯೂ ಕೆಲಸವನ್ನು ಹೆಚ್ಚಿಸಬಲ್ಲುದೆಂಬ ವಾದ ಆ ಪ್ರಯೋಗದಿಂದಲೇ ಹುಟ್ಟಿತು. ಹತ್ತು ನಿಮಿಷ ಮೀರದ ಸಣ್ಣ ಬಿಡುವುಗಳನ್ನು ಕುರಿತ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ 2022ರಲ್ಲಿ ನಡೆದ ಪರಿಶೀಲನೆಯೊಂದು ಹೇಳುವುದೂ ಹದವಾದ ಮಾತನ್ನೇ. ಅಂಥ ಬಿಡುವಿನಿಂದ ಲವಲವಿಕೆ ಹೆಚ್ಚುತ್ತದೆ, ದಣಿವು ತಗ್ಗುತ್ತದೆ. ಆದರೆ ತಲೆಗೆ ಹೆಚ್ಚು ಶ್ರಮ ಕೊಡುವ ಕೆಲಸದಲ್ಲಿ ಕೆಲಸದ ಗುಣ ಏರಲು ಅಷ್ಟು ಸಾಲದು, ಇನ್ನೂ ದೀರ್ಘವಾದ ಬಿಡುವು ಬೇಕಾಗಬಹುದು.

ನಮ್ಮ ಕಾಲದ ಕಷ್ಟವೆಂದರೆ, ನಾನು ಸ್ಲೇಟು ಹಿಡಿದು ಮಾಡಿದ ಕೆಲಸವನ್ನು ಈಗ ಯಂತ್ರಗಳು ಎಲ್ಲೆಡೆಯೂ ಮಾಡುತ್ತಿವೆ. ಹಿಂದೆ ಗುಮಾಸ್ತನು ಕಡತ ತರಲು ಏಳುತ್ತಿದ್ದನು, ಬೆರಳಚ್ಚಿನ ಯಂತ್ರಕ್ಕೆ ಹೊಸ ಹಾಳೆ ಸೇರಿಸಲು ಕೈ ನಿಲ್ಲಿಸುತ್ತಿದ್ದನು, ಲೆಕ್ಕ ತಾಳೆ ನೋಡಲು ಪಕ್ಕದ ಮೇಜಿಗೆ ಹೋಗುತ್ತಿದ್ದನು. ಅವುಗಳಿಗೆ ಬಿಡುವೆಂದು ಯಾರೂ ಹೆಸರಿಟ್ಟಿರಲಿಲ್ಲ. ಆದರೂ ಅವು ಬಿಡುವೇ ಆಗಿದ್ದವು. ಈಗ ಕಂಪ್ಯೂಟರು ಎಲ್ಲವನ್ನೂ ಕುಳಿತಲ್ಲಿಗೇ ತಂದು ಕೊಡುತ್ತದೆ. ವ್ಯರ್ಥ ಓಡಾಟ ತಪ್ಪಿತೆಂದು ಸಂತೋಷಪಡುವಾಗ ಅದರೊಳಗೆ ಅಡಗಿದ್ದ ವಿಶ್ರಾಂತಿಯೂ ತಪ್ಪಿತೆಂಬುದನ್ನು ನಾವು ಗಮನಿಸಿಲ್ಲ. ಪರದೆಯನ್ನು ದಿಟ್ಟಿಸುವಾಗ ರೆಪ್ಪೆ ಬಡಿಯುವುದೂ ಕಡಿಮೆಯಾಗಿ ಕಣ್ಣು ಒಣಗುತ್ತದೆ. ಆದ್ದರಿಂದಲೇ ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿರೆಂದು ಕಣ್ಣಿನ ವೈದ್ಯರು ಸಲಹೆ ಕೊಡುತ್ತಾರೆ. ಹಳೆಯ ತೆಂಗಿನ ಮರದ ತಲೆ ಅದಕ್ಕಿಂತ ಎಷ್ಟೋ ಎತ್ತರದಲ್ಲಿರುತ್ತದೆ.

ಒಂದು ಕೆಲಸದಿಂದ ಎದ್ದು ಅದೇ ಕಣ್ಣು, ಅದೇ ಬೆರಳುಗಳಿಂದ ಮೊಬೈಲನ್ನು ತಿರುವುತ್ತ ಕುಳಿತರೆ ಅದು ಬಿಡುವಾಗುವುದಿಲ್ಲ. ಹೊರೆ ತಲೆಯಿಂದ ಹೆಗಲಿಗೆ ಜಾರಿತು, ಅಷ್ಟೆ. ಕುಳಿತು ದುಡಿಯುವವನು ಎದ್ದು ನಡೆಯಬೇಕು, ನಿಂತು ದುಡಿಯುವವನು ಕೂರಬೇಕು. ದಿನವೆಲ್ಲ ಜನರೊಡನೆ ಮಾತನಾಡುವವನು ಸ್ವಲ್ಪ ಹೊತ್ತು ಸುಮ್ಮನಿರಬೇಕು. ಒಂಟಿಯಾಗಿ ಲೆಕ್ಕ ಬರೆಯುವವನಿಗೆ ಒಬ್ಬರ ಜೊತೆ ಎರಡು ಮಾತೇ ವಿಶ್ರಾಂತಿ. ಬಿಡುವಿಗೆ ಹೊತ್ತು ಗೊತ್ತಾಗಿರಲಿ. ಮನಸ್ಸಿಗೆ ಬಂದಾಗ ಎನ್ನುವವನಿಗೆ ಅದು ಬರುವುದೇ ಇಲ್ಲ. ಏಳುವ ಮುಂಚೆ, ಮರಳಿ ಬಂದಾಗ ಎಲ್ಲಿಂದ ತೊಡಗಬೇಕೆಂಬುದನ್ನು ಒಂದು ಸಾಲಿನಲ್ಲಿ ಗುರುತು ಮಾಡಿಕೊಂಡರೆ ಅದೇ ಅವನ ಹೊರೆಗಲ್ಲು. ಇನ್ನು, ಬಿಡುವು ತೆಗೆದುಕೊಂಡವನನ್ನು ಸೋಮಾರಿಯೆಂದು ಓರೆಗಣ್ಣಿನಿಂದ ನೋಡುವ ಚಾಳಿಯನ್ನು ಮೇಲಿನವರು ಬಿಡಬೇಕು. ಅಟ್ಟದ ಮೇಲಿನ ಕಾಯಿ ಹತ್ತು ತಿಂಗಳು ಸುಮ್ಮನೆ ಬಿದ್ದಿದೆಯೆಂದು ನಮ್ಮ ಸೀಮೆಯಲ್ಲಿ ಯಾರೂ ಹೇಳುವುದಿಲ್ಲ. ಆತುರಪಟ್ಟು ಮುಂಚೆ ಒಡೆದರೆ ಹಸಿ ಉಳಿದು ಬೂಸಲು ಹಿಡಿಯುತ್ತದೆಂದು ಎಲ್ಲರಿಗೂ ಗೊತ್ತು.

ಆ ತಾತ ಈಗಿಲ್ಲ. ಅವರ ಕೈ ವಾಸಿಯಾಯಿತು. ಹೆಬ್ಬೆರಳು ಮಾತ್ರ ಪೂರ್ತಿಯಾಗಿ ಮಡಿಸುತ್ತಿರಲಿಲ್ಲ. ಆಮೇಲೆಯೂ ಬಹಳ ವರ್ಷ ಅವರು ನಮ್ಮ ಮನೆಗೆ ಬರುತ್ತಿದ್ದರು. ಅವರ ಹಿಡಿತ ಬದಲಾಗಿದ್ದುದನ್ನು ನೋಡಿದಾಗಲೆಲ್ಲ ನನಗೆ ತಲೆ ತಗ್ಗುತ್ತಿತ್ತು. ಈಗ ನಮ್ಮ ತೋಟದಲ್ಲಿ ಸುಲಿಯಲು ಬರುವವರು ಕಿರಿಯರು. ಎಲ್ಲರ ಜೇಬಿನಲ್ಲಿಯೂ ಮೊಬೈಲಿದೆ, ಲೆಕ್ಕಕ್ಕೆ ಕಾಯಿ ಎತ್ತಿಡಬೇಕಾದ ಅಗತ್ಯ ಯಾರಿಗೂ ಇಲ್ಲ. ಆದರೂ ನಾನು ಊರಿನಲ್ಲಿದ್ದಾಗ ಅವರಿಗೆ ಒಂದು ಮಾತು ಹೇಳಿರುತ್ತೇನೆ: ನೂರಕ್ಕೊಂದು ಕಾಯಿಯನ್ನು ಗೋಡೆಯ ಬದಿಗೆ ಇಟ್ಟುಬರಬೇಕು, ಅದಕ್ಕೆ ಹಿಡಿಯುವ ಹೊತ್ತಿಗೆ ಕೂಲಿಯುಂಟು. ಗೋಡೆಯ ಹತ್ತಿರ ಮಣ್ಣಿನ ಮಡಕೆಯಲ್ಲಿ ನೀರುಮಜ್ಜಿಗೆಯನ್ನೂ ಇರಿಸಿರುತ್ತೇನೆ. ಅದನ್ನು ಕಡೆದು, ಉಪ್ಪು ಹಾಕಿ ಅಲ್ಲಿಗೆ ತಂದಿಡುವ ಕೆಲಸ ಈಗ ನನ್ನದು.

(ಬಾನುಲಿ ಭಾಷಣ)